ಕಿತಾಬು ಓದಿದವರು ಕಡಲನ್ನೂ ಓದಲಿ

ನಮ್ಮ ಮನೆಗಳ ಬಂಗುಡೆ ಸಾರಿಗೆ ಬಣ್ಣ ಕೊಡುವ ಮೆಣಸು ಬರುವುದು ಹಾವೇರಿ ಜಿಲ್ಲೆ ಕಡೆಯಿಂದ. ಹೆಸರು ಬ್ಯಾಡಗಿ ಮೆಣಸು. ಆದರೆ ಬ್ಯಾಡಗಿ ರೈಲು ನಿಲ್ದಾಣ ಇರುವುದು ಮೋಟೆಬೆನ್ನೂರಿನಲ್ಲಿ. ಹುಬ್ಬಳ್ಳಿ-ಬೆಂಗಳೂರು ಹೆದ್ದಾರಿಯ ಊರು ಅದು, ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರು ಹುಟ್ಟಿದ ಊರು. ಸಮುದ್ರ ಅಲ್ಲಿಂದ ಬಹಳ ದೂರ. ಆದರೂ ಸಮುದ್ರದ ಒಂದು ಪ್ರಶ್ನೆ ಅಲ್ಲಿಯೇ ಸರಿಯಾಗಿ ಎದುರಾಗುತ್ತದೆ.

ಆ ಭಾಗದ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು. ನಾವು ಬ್ಯಾರಿಗಳು ಶಾಫಿಈಗಳು. ನಮಾಝಿನಲ್ಲಿ ಕೈ ಕಟ್ಟುವ ಜಾಗ ಬೇರೆ, ಅಸರ್ ಹೊತ್ತು ಬೇರೆ. ಅದಕ್ಕೆಲ್ಲ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ವ್ಯಾಪಾರಕ್ಕೋ ಮದುವೆಗೋ ಹೋದವರು ಒಟ್ಟಿಗೆ ಊಟಕ್ಕೆ ಕೂತು, ಮಧ್ಯೆ ಸಿಗಡಿ ಬಂತೆಂದರೆ ಮಾತು ಶುರು. ನಮಗೆ ಅದು ಹಲಾಲ್, ಚರ್ಚೆಯೇ ಇಲ್ಲ. ಅವರಿಗೆ ಸಮುದ್ರದಲ್ಲಿ ಹಲಾಲ್ ಆಗಿರುವುದು ಮೀನು ಮಾತ್ರ. ಹಾಗಾದರೆ ಸಿಗಡಿ ಮೀನೋ ಅಲ್ಲವೋ?

ನೋಡಿ, ಇದು ಕಿತಾಬಿನ ಪ್ರಶ್ನೆ ಹೌದು, ಜೀವಶಾಸ್ತ್ರದ ಪ್ರಶ್ನೆಯೂ ಹೌದು. ಮೌಲಾನಾ ಅಶ್ರಫ್ ಅಲಿ ಥಾನವಿಯವರು ಹನಫಿ ವಿದ್ವಾಂಸರು. ಸಿಗಡಿ ಹಲಾಲ್ ಎನ್ನಲು ಅವರು ಹಿಡಿದ ಆಧಾರ ದಮೀರಿಯವರ ‘ಹಯಾತುಲ್ ಹಯವಾನ್’. ಈಜಿಪ್ಟಿನ ದಮೀರಿ 1405ರಲ್ಲಿ ತೀರಿಕೊಂಡವರು, ಅವರ ಪುಸ್ತಕ ಪ್ರಾಣಿಗಳ ಬಗ್ಗೆ ಬರೆದ ದೊಡ್ಡ ಕೋಶ. ಅದರಲ್ಲಿ ಸಿಗಡಿಯನ್ನು ಸಣ್ಣ ಕೆಂಪು ಮೀನು ಎಂದೇ ಹೇಳಿದೆ. ಮುಫ್ತಿ ತಕೀ ಉಸ್ಮಾನಿಯವರು ಇದೇ ಪ್ರಶ್ನೆ ಎತ್ತಿಕೊಂಡಾಗ ಇಂದಿನ ಪ್ರಾಣಿಶಾಸ್ತ್ರಜ್ಞರ ವ್ಯಾಖ್ಯೆಯನ್ನು ಮುಂದಿಟ್ಟರು: ಮೀನಿಗೆ ಬೆನ್ನುಮೂಳೆ ಇರಬೇಕು, ಕಿವಿರು ಇರಬೇಕು, ರೆಕ್ಕೆ ಇರಬೇಕು. ಸಿಗಡಿಗೆ ಬೆನ್ನುಮೂಳೆ ಇಲ್ಲ, ಹತ್ತು ಕಾಲಿದೆ. ಅದು ಬಂಗುಡೆಗಿಂತ ಏಡಿಗೆ ಹತ್ತಿರದ ನೆಂಟ. ತಿನ್ನದಿರುವುದು ಒಳ್ಳೆಯದು, ಆದರೆ ಈ ವಿಷಯದಲ್ಲಿ ತೀರಾ ಕಟ್ಟುನಿಟ್ಟು ಬೇಡ ಎಂದರು. ಇಬ್ಬರೂ ಉತ್ತರ ಹುಡುಕಲು ಫಿಕ್ಹ್ ಕಿತಾಬಿನಿಂದ ಹೊರಗೆ ಕೈ ಚಾಚಿದರು ಎಂಬುದನ್ನು ಗಮನಿಸಿ.

ನಮ್ಮ ಮದ್‌ಹಬಿನಲ್ಲಿ ಸಿಗಡಿಯ ಜಾಗದಲ್ಲಿ ಏಡಿ ಇದೆ. ಇಮಾಮ್ ನವವಿಯವರ ‘ಮಿನ್‌ಹಾಜ್’ನಲ್ಲಿ ನೆಲದಲ್ಲೂ ನೀರಲ್ಲೂ ಬದುಕುವ ಪ್ರಾಣಿ ನಿಷಿದ್ಧ ಎಂದು ಹೇಳಿ, ಕಪ್ಪೆ, ಏಡಿ, ಹಾವುಗಳನ್ನು ಉದಾಹರಣೆ ಕೊಟ್ಟಿದ್ದಾರೆ. ಅದೇ ನವವಿಯವರು ‘ಮಜ್ಮೂಅ್’ನಲ್ಲಿ ಸಮುದ್ರದ ವಿಷಯಕ್ಕೆ ಇದಕ್ಕಿಂತ ವಿಶಾಲವಾದ ಅಭಿಪ್ರಾಯ ಬರೆದಿದ್ದಾರೆ. ಮನೆಮನೆಗೆ ಒಂದು ಮಾತು. ಒಬ್ಬ ಉಸ್ತಾದರು ಬೇಡ ಎಂದರೆ ಇನ್ನೊಬ್ಬರು ಕೇಳಿದ್ದಕ್ಕೆ ನಗುತ್ತಾರೆ.

ಇಂಡೋನೇಷ್ಯಾದವರೂ ನಮ್ಮ ಹಾಗೆ ಶಾಫಿಈಗಳು. ಅಲ್ಲೂ ಈ ಗೊಂದಲ ಇತ್ತು. 2002ರ ಜೂನ್‌ನಲ್ಲಿ ಅಲ್ಲಿನ ಉಲಮಾ ಮಂಡಳಿ ಫತ್ವಾ ಕೊಡುವ ಮೊದಲು ಬೋಗೋರ್ ಕೃಷಿ ವಿಶ್ವವಿದ್ಯಾಲಯದ ಮೀನುಗಾರಿಕಾ ತಜ್ಞರನ್ನು ಕರೆಸಿ ಕೇಳಿತು: ಈ ಪ್ರಾಣಿ ಉಸಿರಾಡುವುದು ಹೇಗೆ, ಮೊಟ್ಟೆ ಇಡುವುದು ಎಲ್ಲಿ, ನಿಜಕ್ಕೂ ನೆಲದಲ್ಲಿ ಬದುಕುತ್ತದೆಯೇ? ತಜ್ಞರು ಹೇಳಿದ್ದು: ಮಾರುಕಟ್ಟೆಗೆ ಬರುವ ಸಿಲ್ಲಾ ಜಾತಿಯ ಕೆಸರು ಏಡಿಗಳು ಕಿವಿರಿನಲ್ಲೇ ಉಸಿರಾಡುತ್ತವೆ, ಮೊಟ್ಟೆ ನೀರಲ್ಲೇ ಇಡುತ್ತವೆ. ಇದನ್ನು ಕೇಳಿದ ಮೇಲೆ ಮಂಡಳಿ ಆ ಜಾತಿಯ ನಾಲ್ಕು ಬಗೆಗಳನ್ನು ಹೆಸರಿಸಿ, ಆರೋಗ್ಯಕ್ಕೆ ತೊಂದರೆ ಇಲ್ಲದಿದ್ದರೆ ಹಲಾಲ್ ಎಂದಿತು. ಅದರಲ್ಲಿ ಒಂದು ಬಗೆ, ಸಿಲ್ಲಾ ಸೆರ್ರಾಟಾ, ನಮ್ಮ ಕರಾವಳಿಯ ಅಳಿವೆಗಳಲ್ಲೂ ಇದೆ.

ಫತ್ವಾ ಕೊಡುವುದು ನನ್ನ ಕೆಲಸವಲ್ಲ, ಏಡಿ ತಿನ್ನಿ ಎಂದು ಬರೆಯುತ್ತಲೂ ಇಲ್ಲ. ನನಗೆ ಬೇಕಾದದ್ದು ಆ ಕ್ರಮ. ಕೆಸರು ಏಡಿಯನ್ನು ಕಾಲು ಕಟ್ಟಿ ಬುಟ್ಟಿಯಲ್ಲಿಟ್ಟರೆ ಕೆಲವು ದಿನ ಜೀವ ಹಿಡಿದಿರುತ್ತದೆ, ಅದಕ್ಕೇ ನಾವು ‘ನೆಲದಲ್ಲೂ ಬದುಕುತ್ತದೆ’ ಎಂದುಕೊಳ್ಳುತ್ತೇವೆ. ಅದು ಉಳಿಯುವುದು ಕಿವಿರು ಒದ್ದೆ ಇರುವಷ್ಟು ಹೊತ್ತು. ಹೆಣ್ಣು ಏಡಿ ಮೊಟ್ಟೆಗೆಂದು ಅಳಿವೆ ಬಿಟ್ಟು ಕಡಲಿಗೆ ಹೋಗುತ್ತದೆ, ಮರಿಗಳು ಉಪ್ಪುನೀರಲ್ಲಿ ತೇಲಿ ರೂಪ ಬದಲಿಸಿ ಮತ್ತೆ ಅಳಿವೆಗೆ ಬರುತ್ತವೆ. ಬಯಲುಸೀಮೆಯ ಹಳ್ಳ, ಗದ್ದೆಗಳ ಏಡಿಯ ಸಂಗತಿಯೇ ಬೇರೆ: ಅದಕ್ಕೆ ಸಮುದ್ರವೇ ಬೇಡ, ತಾಯಿಯ ಹೊಟ್ಟೆಯಡಿಯ ಮೊಟ್ಟೆಯಿಂದ ನೇರ ಪುಟ್ಟ ಏಡಿಯೇ ಹೊರಬರುತ್ತದೆ. ಭಾಷೆ ಎರಡಕ್ಕೂ ಒಂದೇ ಹೆಸರು ಕೊಟ್ಟಿದೆ. ಇಷ್ಟು ತಿಳಿದು ಕೊಡುವ ಉತ್ತರಕ್ಕೂ ತಿಳಿಯದೆ ಕೊಡುವ ಉತ್ತರಕ್ಕೂ ವ್ಯತ್ಯಾಸ ಇಲ್ಲವೇ? ಉತ್ತರ ಕೊನೆಗೆ ‘ಬೇಡ’ ಎಂದೇ ಬಂದರೂ ಸರಿ.

ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಇರುವುದು 1969ರಿಂದ. ನಮ್ಮ ದರ್ಸ್‌ಗಳು ಅದಕ್ಕಿಂತ ಎಷ್ಟೋ ಹಳೆಯವು. ಒಂದೇ ಊರಿನ ಈ ಎರಡು ಕಡೆಯವರು ಎದುರುಬದುರು ಕೂತು ಒಂದು ಮಧ್ಯಾಹ್ನ ಕಳೆದರೆ ಸಾಕು, ಬೂತಾಯಿಯಿಂದ ಬೊಂಡಾಸಿನ ತನಕ ಎಲ್ಲ ವಿಷಯ ಮುಗಿದೀತು.

ಹೀಗೆ ಕಿತಾಬಿನ ಜೊತೆ ಕಡಲನ್ನೂ ಓದುವುದು ನಮಗೆ ಹೊಸದೇನಲ್ಲ. ‘ಫತ್‌ಹುಲ್ ಮುಈನ್’ ಓದದ ಮುಸ್ಲಿಯಾರರು ನಮ್ಮ ಕಡೆ ಸಿಗುವುದು ಕಷ್ಟ. ಅದನ್ನು ಬರೆದ ಪೊನ್ನಾನಿಯ ಝೈನುದ್ದೀನ್ ಮಖ್ದೂಮರು 16ನೇ ಶತಮಾನದವರು. ಅವರೇ ಬರೆದ ಇನ್ನೊಂದು ಪುಸ್ತಕ ‘ತುಹ್ಫತುಲ್ ಮುಜಾಹಿದೀನ್’. ಅದನ್ನು ಅರ್ಪಿಸಿದ್ದು ಬಿಜಾಪುರದ ಅಲಿ ಆದಿಲ್ ಶಾಹನಿಗೆ. ಪೋರ್ಚುಗೀಸರು ಈ ಕರಾವಳಿಯ ವ್ಯಾಪಾರವನ್ನು ಹೇಗೆ ಬಿಗಿಹಿಡಿದರು ಎಂಬುದು ಅದರಲ್ಲಿದೆ. ಹಡಗು ಕಡಲಿಗಿಳಿಯಬೇಕಾದರೆ ಅವರಿಂದ ದುಡ್ಡು ಕೊಟ್ಟು ಕಾರ್ತಾಝ್ ಎಂಬ ರಹದಾರಿ ಪಡೆಯಬೇಕು. ಕಾಳುಮೆಣಸು, ಶುಂಠಿ ಸಾಗಿಸುವಂತಿಲ್ಲ. ರಹದಾರಿ ಇಲ್ಲದ ಹಡಗು ಸಿಕ್ಕಿದರೆ ಮಾಲೂ ಹೋಯಿತು, ಜೀವವೂ ಹೋದೀತು. ಫಿಕ್ಹ್ ಬರೆದ ಕೈಯೇ ಇದನ್ನೂ ಬರೆದಿತು. ನಮ್ಮಲ್ಲಿ ಮೊದಲನೆಯದು ಪಾಠದಲ್ಲಿ ಉಳಿಯಿತು, ಎರಡನೆಯದು ಭಾಷಣದಲ್ಲಿ ಮಾತ್ರ ಉಳಿಯಿತು.

ಈಗಿನ ಕಾಲದ ರಹದಾರಿ ಇರುವುದು ಬ್ಯಾಂಕಿನಲ್ಲಿ, ವಿಮೆ ಕಂಪೆನಿಯಲ್ಲಿ. ಸುರತ್ಕಲ್ ಪಕ್ಕದ ಎಂಆರ್‌ಪಿಎಲ್ ಒಂದು ಕಾಲದಲ್ಲಿ ಇರಾನಿನ ಕಚ್ಚಾತೈಲದ ದೊಡ್ಡ ಗಿರಾಕಿ. 2012ರ ಜುಲೈ 1ರಿಂದ ಯುರೋಪಿನ ಕಂಪೆನಿಗಳು ಇರಾನಿನ ತೈಲ ಹೊತ್ತ ಹಡಗಿಗೆ ವಿಮೆ ಕೊಡುವಂತಿಲ್ಲ ಎಂದಾಯ್ತು. ತೈಲ ಇದೆ, ಹಡಗಿದೆ, ಕೊಳ್ಳುವವರಿದ್ದಾರೆ, ಆದರೆ ವಿಮೆ ಇಲ್ಲದ ಹಡಗನ್ನು ಯಾವ ಬಂದರಿನವರು ಬಿಡುತ್ತಾರೆ? ಹಣ ಕಳಿಸುವ ದಾರಿಯೂ ಮುಚ್ಚಿದಾಗ ಒಂದು ಭಾಗವನ್ನು ಯೂಕೋ ಬ್ಯಾಂಕಿನಲ್ಲಿ ರೂಪಾಯಿಯಲ್ಲೇ ಜಮಾ ಮಾಡುವ ವ್ಯವಸ್ಥೆ ಆಯಿತು. 2018ರ ಮೇ ತಿಂಗಳಲ್ಲಿ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರು ಭಾರತ ಪಾಲಿಸುವುದು ವಿಶ್ವಸಂಸ್ಥೆಯ ನಿರ್ಬಂಧಗಳನ್ನು ಮಾತ್ರ, ಒಂದು ದೇಶ ತಾನಾಗಿ ಹೇರಿದ್ದನ್ನಲ್ಲ ಎಂದು ಹೇಳಿದರು. ಒಂದು ವರ್ಷದ ನಂತರ, 2019ರ ಮೇಯಲ್ಲಿ ಅಮೆರಿಕದ ರಿಯಾಯಿತಿ ಮುಗಿದಾಗ, ಇರಾನಿನ ತೈಲ ಬರುವುದು ನಿಂತೇ ಹೋಯಿತು. ಕಾನೂನು ಹೇಳಿದ್ದು ಒಂದು, ಬ್ಯಾಂಕು ಮಾಡಿದ್ದು ಇನ್ನೊಂದು. ಈ ಎರಡರ ನಡುವಿನ ಜಾಗವನ್ನು ಓದುವುದೇ ನಿರ್ಬಂಧಗಳ ಕಾನೂನು.

ಇದು ದೊಡ್ಡವರ ವಿಷಯ, ನಮಗ್ಯಾಕೆ ಅನ್ನಬೇಡಿ. ಹಡಗಿನ ಕೆಲಸಕ್ಕೆ ಹೋಗುವ ಹುಡುಗರು ನಮ್ಮಲ್ಲಿದ್ದಾರೆ, ದುಬೈಯಲ್ಲಿ ಸರಕು ಸಾಗಣೆಯ ಕಂಪೆನಿಗಳಲ್ಲಿ ಕೂತವರಿದ್ದಾರೆ. ಹಡಗಿನ ಹೆಸರು ನಿರ್ಬಂಧದ ಪಟ್ಟಿಗೆ ಸೇರಿದ ದಿನ ಬ್ಯಾಂಕು ಹಣ ತಡೆಯುತ್ತದೆ, ಸಂಬಳ ನಿಲ್ಲುತ್ತದೆ. ಹಡಗು ಏರುವ ಹುಡುಗನಿಗೆ ಅದರ ಮಾಲಕ ಯಾರು, ಧ್ವಜ ಯಾವುದು ಎಂದೇ ಗೊತ್ತಿರುವುದಿಲ್ಲ. ಮನೆಯವರು ಯಾರನ್ನು ಕೇಳಬೇಕು? ಈ ಕಾನೂನು ಓದಿದ ಒಬ್ಬ ವಕೀಲರ ಹೆಸರನ್ನು ನಿಮ್ಮ ಜಮಾಅತಿನಲ್ಲಿ ಹೇಳಬಲ್ಲವರು ಎಷ್ಟು ಮಂದಿ?

1990ರ ಕುವೈತ್ ನೆನಪಿರುವ ಹಿರಿಯರಿಗೆ ಇದು ಬೇಗ ಅರ್ಥವಾದೀತು. ಆ ಆಗಸ್ಟ್ 6ರಂದು ಭದ್ರತಾ ಮಂಡಳಿ 661ನೇ ನಿರ್ಣಯದಲ್ಲಿ ಇರಾಕ್ ಮತ್ತು ಕುವೈತ್ ಜೊತೆಗಿನ ವ್ಯಾಪಾರ ನಿಲ್ಲಿಸಿತು. ಔಷಧಿಗೆ ವಿನಾಯಿತಿ ಇತ್ತು. ಆಹಾರಕ್ಕೆ ‘ಮಾನವೀಯ ಸಂದರ್ಭಗಳಲ್ಲಿ’ ಮಾತ್ರ. ಆ ಸಂದರ್ಭ ಬಂದಿದೆಯೋ ಇಲ್ಲವೋ ಎಂದು ಹೇಳುವವರು ನ್ಯೂಯಾರ್ಕಿನ ಸಮಿತಿಯವರು. ಅಲ್ಲಿ ಸಿಕ್ಕಿಬಿದ್ದ ನಮ್ಮ ಜನರಿಗೆ ಹಡಗಿನಲ್ಲಿ ಊಟದ ಸಾಮಾನು ಕಳಿಸಲು ಭಾರತ ಸರಕಾರ ಆ ಸಮಿತಿಯನ್ನು ಕೇಳಬೇಕಾಯಿತು. ಸೆಪ್ಟೆಂಬರ್ 13ರಂದು 666ನೇ ನಿರ್ಣಯ ಬಂದ ಮೇಲೆಯೇ ದಾರಿ ತೆರೆದದ್ದು. ಎರಡೇ ಪದಗಳಿಗಾಗಿ ಐದು ವಾರಕ್ಕೂ ಮೇಲೆ ಕಾಯುವುದು!

ಈಗ ಸೀರಾ ತೆರೆಯಿರಿ. ಮಕ್ಕಾದ ಖುರೈಷರು ಬನೂ ಹಾಶಿಮರ ಜೊತೆ ಕೊಡುಕೊಳ್ಳುವುದು, ಮದುವೆ ಎಲ್ಲವನ್ನೂ ನಿಷೇಧಿಸಿ ಪತ್ರ ಬರೆದು ಕಅಬಾದಲ್ಲಿ ತೂಗುಹಾಕಿದರು; ಅದು ಸುಮಾರು ಮೂರು ವರ್ಷ ನಡೆಯಿತು. ಇದನ್ನು ನಮ್ಮ ಮದ್ರಸದ ಮಗುವೂ ಬಲ್ಲದು. ಆದರೆ ಸುಮಾಮಾ ಇಬ್ನು ಉಸಾಲ್(ರ) ಅವರ ಸಂಗತಿ ಅಷ್ಟು ಹೇಳಿಕೊಡುವುದಿಲ್ಲ. ಯಮಾಮದ ಈ ನಾಯಕರು ಇಸ್ಲಾಮ್ ಸ್ವೀಕರಿಸಿದ ಮೇಲೆ, ಪ್ರವಾದಿ(ಸ) ಅನುಮತಿ ಕೊಡದೆ ಒಂದು ಕಾಳು ಗೋಧಿಯೂ ಮಕ್ಕಾಗೆ ಹೋಗದು ಎಂದು ತಡೆದರು. ಮಕ್ಕಾದವರು ಹಸಿದರು. ಅವರು ಪ್ರವಾದಿ(ಸ) ಅವರಿಗೇ ಪತ್ರ ಬರೆದು ರಕ್ತಸಂಬಂಧ ನೆನಪಿಸಿದಾಗ, ಧಾನ್ಯ ಬಿಡುವಂತೆ ಸುಮಾಮಾರಿಗೆ ಸೂಚನೆ ಹೋಯಿತು ಎಂದು ಇಬ್ನು ಹಿಶಾಮರ ಸೀರಾದಲ್ಲಿದೆ. ಮೊದಲು ಊಟ ತಡೆದವರು ಇದೇ ಮಕ್ಕಾದವರು! ವೈರಿಗೂ ಅನ್ನ ತಡೆಯಬಾರದು ಎಂಬ ಈ ನಡೆಯನ್ನು ನಾವು ದಯೆಯ ಕಥೆಯಾಗಿ ಹೇಳ್ತೇವೆ. ಅದು ಕಾನೂನಿನ ತರಗತಿಯಲ್ಲೂ ಕೂತು ಓದಬೇಕಾದ ಪ್ರಕರಣ.

ಯಾಕೆಂದರೆ ಈ ಪ್ರಶ್ನೆ ಇನ್ನೂ ಮುಗಿದಿಲ್ಲ. 2022ರ ಡಿಸೆಂಬರ್ 9ರಂದು ಭದ್ರತಾ ಮಂಡಳಿ 2664ನೇ ನಿರ್ಣಯದ ಮೂಲಕ ವಿಶ್ವಸಂಸ್ಥೆಯ ಆಸ್ತಿ ಮುಟ್ಟುಗೋಲಿನ ನಿರ್ಬಂಧಗಳಿಂದ ಮಾನವೀಯ ನೆರವಿಗೆ ವಿನಾಯಿತಿ ಕೊಟ್ಟಿತು. ಹದಿನಾಲ್ಕು ದೇಶಗಳು ಪರ. ಭಾರತ ಮತ ಹಾಕಲಿಲ್ಲ. ಈ ವಿನಾಯಿತಿಯನ್ನು ಭಯೋತ್ಪಾದಕ ಗುಂಪುಗಳು ದುರುಪಯೋಗ ಮಾಡಿಕೊಳ್ಳುತ್ತವೆ ಎಂಬುದು ನಮ್ಮ ದೇಶದ ಆತಂಕ. ಆ ಆತಂಕದಲ್ಲಿ ಹುರುಳಿಲ್ಲ ಅನ್ನಲಾಗದು, ಹಸಿದವರ ಪಾಲು ತಡೆಯಬೇಕು ಅನ್ನಲೂ ಆಗದು. ಎರಡನ್ನೂ ತೂಗಿ ಬರೆಯಬಲ್ಲ, ಸೀರಾವನ್ನೂ ನಿರ್ಣಯಗಳನ್ನೂ ಮೂಲದಲ್ಲೇ ಓದಿದ ಒಬ್ಬ ಸಂಶೋಧಕ ನಮ್ಮ ಮನೆಗಳಿಂದ ಬಂದರೆ ಅವನ ಮಾತಿಗೆ ತೂಕ ಇರುತ್ತದೆ.

ಸಂಶೋಧನೆಗೇ ನಿರ್ಬಂಧ ತಗಲುವುದೂ ಉಂಟು. 2003ರಲ್ಲಿ ಅಮೆರಿಕದ ಖಜಾನೆ ಇಲಾಖೆ ಇರಾನಿನ ವಿಜ್ಞಾನಿಗಳ ಲೇಖನವನ್ನು ತಿದ್ದುವುದೂ ‘ಸೇವೆ’, ಅದಕ್ಕೆ ಪರವಾನಗಿ ಬೇಕು ಎಂದಿತು. ವ್ಯಾಕರಣ ತಿದ್ದುವುದಕ್ಕೂ ಪರವಾನಗಿ! ನೊಬೆಲ್ ಪ್ರಶಸ್ತಿ ಪಡೆದ ಶಿರಿನ್ ಇಬಾದಿ ತಮ್ಮ ಆತ್ಮಕಥೆ ಅಮೆರಿಕದಲ್ಲಿ ಪ್ರಕಟಿಸಲು 2004ರಲ್ಲಿ ಕೋರ್ಟಿಗೆ ಹೋಗಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಕಾಶನಕ್ಕೆ ಸಾಮಾನ್ಯ ಅನುಮತಿ ಬಂತು.

ಕಡಲು ಮಾತ್ರ ಯಾರ ಪಟ್ಟಿಯನ್ನೂ ನೋಡುವುದಿಲ್ಲ. 2008-09ರಲ್ಲಿ ಕೊಕ್ಲೋಡಿನಿಯಮ್ ಎಂಬ ಸೂಕ್ಷ್ಮ ಪಾಚಿ ಒಮಾನ್, ಯುಎಇ, ಇರಾನ್ ಕರಾವಳಿಯಲ್ಲಿ ತಿಂಗಳುಗಟ್ಟಲೆ ಕೆಂಪಗೆ ಹರಡಿ ಮೀನು ಸಾಯಿಸಿತು. ಸಮುದ್ರದ ನೀರನ್ನು ಕುಡಿಯುವ ನೀರು ಮಾಡುವ ಸ್ಥಾವರಗಳನ್ನೂ ಮುಚ್ಚಬೇಕಾಯಿತು. ಆ ನೀರು ಕುಡಿಯುವವರಲ್ಲಿ ನಮ್ಮವರೆಷ್ಟು! 2020ರ ಕೊನೆಗೆ ಉಡುಪಿ, ಮಂಗಳೂರಿನ ತೀರಗಳಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದದ್ದು ನೆನಪಿದೆಯಲ್ಲ? ಮೊಬೈಲ್ ಹಿಡಿದು ಓಡಿದೆವು. ಅದು ನೊಕ್ಟಿಲುಕಾ ಎಂಬ ಸೂಕ್ಷ್ಮಜೀವಿ, ಚಳಿಗಾಲದಲ್ಲಿ ಒಮಾನ್ ಕಡೆಯೂ ದಟ್ಟವಾಗಿ ಬೆಳೆಯುತ್ತದೆ. ಒಂದೇ ಅರಬ್ಬೀ ಸಮುದ್ರದ ಈಚೆ ದಡದವರಿಗೆ ಆಚೆ ದಡದ ಮಾಹಿತಿ ಬೇಕು. ಉಪಕರಣ ಕೊಳ್ಳಲು, ಸಮ್ಮೇಳನದ ಶುಲ್ಕ ಕಟ್ಟಲು ಬ್ಯಾಂಕು ಬಿಡದಿದ್ದರೆ ಆ ಮಾಹಿತಿ ಹುಟ್ಟುವುದು ಹೇಗೆ?

ಓದುವ ಜಾಗಕ್ಕೆ ಕೊರತೆ ಇಲ್ಲ. ಮೋಟೆಬೆನ್ನೂರಿನಲ್ಲಿ ಕೂತು ಲೆಕ್ಕ ಹಾಕಿದರೂ ಗೊತ್ತಾಗುತ್ತದೆ: ಅದೇ ಹೆದ್ದಾರಿಯಲ್ಲಿ ಹುಬ್ಬಳ್ಳಿಗೆ ಹೋದರೆ ರಾಜ್ಯ ಕಾನೂನು ವಿಶ್ವವಿದ್ಯಾಲಯ, ಕಾರವಾರಕ್ಕೆ ಇಳಿದರೆ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ. ಸಮುದ್ರ ನೋಡದ ಊರಿನ ಮಗುವಿಗೂ ದಾರಿ ಇದೆ ಎಂದಮೇಲೆ ಕಡಲ ದಡದಲ್ಲೇ ಇರುವ ನಮಗೇನು ಕಷ್ಟ? ಮೀನುಗಾರಿಕಾ ವಿಜ್ಞಾನದ ಪದವಿ ನಾಲ್ಕು ವರ್ಷ, ಸೀಟು ಸಿಗುವುದು ಸಿಇಟಿ ಮೂಲಕವೇ. ಆದರೆ ‘ಮೀನಿನ ಕಾಲೇಜಾ?’ ಎಂದು ಮುಖ ಸಿಂಡರಿಸುವ ಅಪ್ಪಂದಿರು ನಮ್ಮಲ್ಲಿ ಇನ್ನೂ ಇದ್ದಾರೆ, ಮೀನು ಮಾರಿ ಮನೆ ಕಟ್ಟಿದವರೂ ಸೇರಿ. ದರ್ಸ್ ಮುಗಿಸಿ ಅರಬಿ ಚೆನ್ನಾಗಿ ಬಲ್ಲ ಹುಡುಗ ಎಲ್‌ಎಲ್‌ಬಿ ಸೇರುತ್ತೇನೆ ಎಂದರೂ ಇದೇ ಮುಖ.

ಟ್ರಸ್ಟುಗಳ, ಜಮಾಅತ್ ಕಮಿಟಿಗಳ ವಿದ್ಯಾರ್ಥಿವೇತನದ ಅರ್ಜಿ ತೆಗೆದು ನೋಡಿ: ಎಂಬಿಬಿಎಸ್, ಎಂಜಿನಿಯರಿಂಗ್, ನರ್ಸಿಂಗ್, ಕೊನೆಗೆ ‘ಇತರೆ’. ಈ ವರ್ಷದ ಸಭೆಯಲ್ಲಿ ಆ ‘ಇತರೆ’ ಕಾಲಂನಲ್ಲಿ ಮೀನುಗಾರಿಕೆ, ಸಾಗರ ವಿಜ್ಞಾನ, ಅಂತಾರಾಷ್ಟ್ರೀಯ ಕಾನೂನು ಎಂದು ಬರೆದು ಬಂದ ಅರ್ಜಿ ಇದ್ದರೆ ಅದನ್ನು ಕಟ್ಟಿನ ಅಡಿಗೆ ಹಾಕಬೇಡಿ, ಮೊದಲು ತೆಗೆದು ಓದಿ. ಅಂಥ ಅರ್ಜಿಯೇ ಬಂದಿಲ್ಲವಾದರೆ ಮುಂದಿನ ಜುಮಾ ನಂತರ ಖತೀಬರಿಂದ ಒಂದು ಪ್ರಕಟಣೆ ಹೇಳಿಸಿ.