ಗಿಡ ತಾಳಿತು, ಲೋಹ ಎಲ್ಲಿ ಹೋಯಿತು?

ಬಸವನಗುಡಿಯ ದೊಡ್ಡ ಬಸವನ ಪಾದದ ಬುಡದಲ್ಲಿ ಹುಟ್ಟುತ್ತಾಳೆಂದು ಹಳಬರು ಹೇಳುತ್ತಿದ್ದ ವೃಷಭಾವತಿ ಇವತ್ತು ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆಯನ್ನೂ ಪೀಣ್ಯದ ಕಡೆಯ ಕಾರ್ಖಾನೆಗಳ ನೀರನ್ನೂ ಹೊತ್ತು, ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತಾಳೆ. ಆ ನೊರೆ ನೀರನ್ನೇ ನಂಬಿ ಸುತ್ತಲ ಹಳ್ಳಿಗಳಲ್ಲಿ ಬೇಸಾಯ ನಡೆದಿದೆ. ಕಡುಬೇಸಿಗೆಯಲ್ಲೂ ನಿಲ್ಲದ ನೀರು, ಅದರ ಜೊತೆ ಪುಕ್ಕಟೆ ಸಾರಜನಕ, ರಂಜಕ. ಮಳೆ ನಂಬಿ ಕೂತವರಿಗಿಂತ ಇವರೇ ವಾಸಿ ಎನ್ನಿಸಿದರೆ ತಪ್ಪಿಲ್ಲ. ಆದರೆ ಇಂಥ ನೀರಿನಲ್ಲಿ ಸೀಸ, ಕ್ರೋಮಿಯಂ, ನಿಕ್ಕಲ್, ಕ್ಯಾಡ್ಮಿಯಂ ಕೂಡ ಬರುತ್ತವೆ. ಸಾರಜನಕವನ್ನು ಬೆಳೆ ತಿಂದು ಮುಗಿಸುತ್ತದೆ. ಲೋಹ ಹಾಗಲ್ಲ. ಅದು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಮೇಲ್ಮಣ್ಣಿನಲ್ಲೇ ವರ್ಷದ ಮೇಲೆ ವರ್ಷ ಕೂಡುತ್ತ ಹೋಗುತ್ತದೆ.

ಇಂಥ ಮಣ್ಣಿನಲ್ಲೂ ತರಕಾರಿ ಚೆನ್ನಾಗಿ ಬರುವಂತೆ ಮಾಡಲು ಸಸ್ಯ ಹಾರ್ಮೋನು ಬಳಸಬಹುದೆಂಬುದು ಸುಮಾರು ಎರಡು ದಶಕದಿಂದ ಪ್ರಯೋಗಾಲಯಗಳಲ್ಲಿ ಬೆಳೆದಿರುವ ವಾದ. ರೈತನಿಗೆ ಹಾರ್ಮೋನು ಹೊಸದೇನಲ್ಲ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಕಾಯಿ ದಪ್ಪವಾಗಲೆಂದು ಜಿಬ್ಬರೆಲಿಕ್ ಆಮ್ಲದಲ್ಲಿ ಗೊಂಚಲು ಅದ್ದುವುದನ್ನು ಎಷ್ಟೋ ವರ್ಷಗಳಿಂದ ಮಾಡುತ್ತ ಬಂದಿದ್ದಾರೆ. ಗೊಬ್ಬರದಂಗಡಿಯಲ್ಲಿ ‘ಟಾನಿಕ್’ ಎಂದು ಮಾರುವ ಎಷ್ಟೋ ಬಾಟಲಿಗಳಲ್ಲಿ ಇರುವುದೂ ಇಂಥವೇ. ಲೋಹದ ವಿಷಯದಲ್ಲಿ ಹೆಚ್ಚು ಕೇಳಿಬರುವ ಹೆಸರು ಎರಡು: ಸ್ಯಾಲಿಸಿಲಿಕ್ ಆಮ್ಲ, ಬ್ರಾಸಿನೋಸ್ಟೆರಾಯ್ಡ್. ಮೊದಲನೆಯದು ಆಸ್ಪಿರಿನ್ ಮಾತ್ರೆಯ ಮೂಲವಸ್ತು. ಎರಡನೆಯದನ್ನು 1979ರಲ್ಲಿ ಅಮೆರಿಕದ ವಿಜ್ಞಾನಿಗಳು ಜೇನುನೊಣ ಕೂಡಿಸಿದ ಸಾಸಿವೆ ಜಾತಿಯ ಗಿಡದ ಪರಾಗದಿಂದ ಬೇರ್ಪಡಿಸಿದರು. ರಾಶಿ ರಾಶಿ ಪರಾಗ ಸೋಸಿದ ಮೇಲೆ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ.

ಇವು ಏನು ಮಾಡುತ್ತವೆಂದು ತಿಳಿಯಲು ಮೊದಲು ಕ್ಯಾಡ್ಮಿಯಂ ಏನು ಮಾಡುತ್ತದೆಂದು ನೋಡಬೇಕು. ಗಿಡಕ್ಕೆ ಕ್ಯಾಡ್ಮಿಯಂ ಯಾತಕ್ಕೂ ಬೇಡ. ಆದರೆ ಬೇರಿನಲ್ಲಿ ಕಬ್ಬಿಣವನ್ನೂ ಮ್ಯಾಂಗನೀಸನ್ನೂ ಒಳಗೆ ಬಿಡುವ ದಾರಿಗಳಿಗೆ ಇದರ ಗುರುತು ಸರಿಯಾಗಿ ಸಿಗುವುದಿಲ್ಲ, ಅದೇ ಸಾಲಿನಲ್ಲಿ ಇದೂ ನುಸುಳುತ್ತದೆ. ಒಳಗೆ ಹೊಕ್ಕ ಮೇಲೆ ಕಿಣ್ವಗಳನ್ನು ಹಿಡಿದು ನಿಲ್ಲಿಸುತ್ತದೆ. ಜೀವಕೋಶದಲ್ಲಿ ಉಗ್ರ ಆಮ್ಲಜನಕದ ಕಣಗಳು ಹೆಚ್ಚಿ ಪೊರೆಗಳು ಕೆಡುತ್ತವೆ, ಎಲೆ ಹಳದಿಗಟ್ಟುತ್ತದೆ, ಬೇರು ಮೊಟಕಾಗುತ್ತದೆ. ಗಿಡವೂ ಸುಮ್ಮನಿರುವುದಿಲ್ಲ. ಗ್ಲುಟಾಥಯೋನ್‌ನಿಂದ ಫೈಟೋಕಿಲಾಟಿನ್ ಎಂಬ ಸಣ್ಣ ಪೆಪ್ಟೈಡು ಮಾಡಿಕೊಂಡು, ಅದರಿಂದ ಲೋಹವನ್ನು ಕಟ್ಟಿ, ಕೋಶದ ರಸದಾನಿಯೊಳಗೆ ತಳ್ಳಿ ಬಾಗಿಲು ಹಾಕುತ್ತದೆ. ಹಾರ್ಮೋನು ಈ ರಕ್ಷಣೆಯನ್ನು ಚುರುಕು ಮಾಡುತ್ತದೆ: ಉತ್ಕರ್ಷಣ ತಡೆಯುವ ಕಿಣ್ವಗಳು ಹೆಚ್ಚುತ್ತವೆ, ಹರಿತ್ತು ಉಳಿಯುತ್ತದೆ, ಬೆಳವಣಿಗೆ ಮತ್ತೆ ಹಿಡಿಯುತ್ತದೆ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ್ದು ಮೂಲಂಗಿ ಸಸಿಗಳ ಮೇಲಿನ ಇಂಥದ್ದೇ ಪ್ರಯೋಗ. ಬ್ರಾಸಿನೋಸ್ಟೆರಾಯ್ಡ್ ಸಿಕ್ಕ ಸಸಿಗಳು ಕ್ಯಾಡ್ಮಿಯಂ ನಡುವೆಯೂ ಬೆಳೆದವು.

ಪರವಾದ ವಾದಕ್ಕೆ ಬಲ ಕೊಡುವುದು ಮೊದಲು ಖರ್ಚಿನ ಲೆಕ್ಕ. ಸ್ಯಾಲಿಸಿಲಿಕ್ ಆಮ್ಲವನ್ನು ಅರ್ಧ ಮಿಲಿಮೋಲಾರ್ ಹದದಲ್ಲಿ ಸಿಂಪಡಿಸಬೇಕಾದರೆ ಲೀಟರಿಗೆ 69 ಮಿಲಿಗ್ರಾಂ ಸಾಕು, ಬೆನ್ನಿಗೆ ಹಾಕಿಕೊಳ್ಳುವ 15 ಲೀಟರಿನ ಕ್ಯಾನಿಗೆ ಒಂದು ಗ್ರಾಂ. ಮಣ್ಣನ್ನೇ ಎತ್ತಿ ಬದಲಿಸುವುದೆಂದರೆ ಎಕರೆಗೆ ನೂರಾರು ಲೋಡು, ಅದು ಯಾವ ರೈತನ ಕೈಗೂ ಎಟುಕದು. ಲೋಹ ಹೀರುವ ಗಿಡ ಬೆಳೆಸಿ ನೆಲ ಶುದ್ಧ ಮಾಡುವುದಕ್ಕೆ ದಶಕಗಳು ಬೇಕು. ಅಷ್ಟು ದಿನ ಮನೆ ನಡೆಯುವುದು ಹೇಗೆ? ಇನ್ನೊಂದು ಅಂಶವೂ ಇದೆ. ಅರಬಿಡಾಪ್ಸಿಸ್ ಎಂಬ ಪ್ರಯೋಗಾಲಯದ ಗಿಡದಲ್ಲಿ ಜಿಬ್ಬರೆಲಿಕ್ ಆಮ್ಲವೂ ಅಬ್ಸಿಸಿಕ್ ಆಮ್ಲವೂ ಕ್ಯಾಡ್ಮಿಯಂ ನುಸುಳುವ ಕಬ್ಬಿಣದ ದಾರಿಯನ್ನೇ ಕಿರಿದು ಮಾಡಿದ್ದು ಕಂಡುಬಂದಿದೆ. ಅಂದರೆ ಕೆಲವು ಹಾರ್ಮೋನುಗಳು ಸಂಕಟ ಶಮನದ ಜೊತೆಗೆ ಲೋಹದ ಪ್ರವೇಶವನ್ನೂ ತಗ್ಗಿಸಬಲ್ಲವು.

ಇಷ್ಟೇ ಆಗಿದ್ದರೆ ವಾದ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಪಕ್ಕದ ಕೋಣೆಯ ವಿಜ್ಞಾನಿಗಳು ಇದೇ ವರ್ಗದ ವಸ್ತುಗಳನ್ನು, ಆಕ್ಸಿನ್, ಸೈಟೋಕೈನಿನ್, ಜಿಬ್ಬರೆಲಿನ್‌ಗಳನ್ನು, ಗಿಡ ಇನ್ನೂ ಹೆಚ್ಚು ಲೋಹ ಹೀರಲಿ ಎಂದು ಬಳಸುತ್ತಿದ್ದಾರೆ! ಕಲುಷಿತ ನೆಲ ಶುದ್ಧ ಮಾಡುವವರಿಗೆ ಬೇಕಾದದ್ದು ವಿಷ ತುಂಬಿಕೊಂಡರೂ ಸೊಂಪಾಗಿ ಬೆಳೆಯುವ ಗಿಡ. ತರಕಾರಿ ತಿನ್ನುವವರಿಗೆ ಬೇಡವಾದದ್ದೂ ಅದೇ. ಯಾವ ಹಾರ್ಮೋನು, ಎಷ್ಟು ಹದ, ಯಾವ ಬೆಳೆ, ಯಾವ ಮಣ್ಣು ಎಂಬುದರ ಮೇಲೆ ಫಲಿತಾಂಶ ಈ ಕಡೆಗೋ ಆ ಕಡೆಗೋ ವಾಲುತ್ತದೆ. ಸ್ಯಾಲಿಸಿಲಿಕ್ ಆಮ್ಲ ಹದ ಮೀರಿದರೆ ಬೆಳವಣಿಗೆಯನ್ನೇ ಕುಗ್ಗಿಸುತ್ತದೆ.

ಪ್ರಯೋಗಗಳ ರೀತಿಯನ್ನೂ ನೋಡಿ. ಬಹಳಷ್ಟು ನಡೆದಿರುವುದು ಕುಂಡದಲ್ಲಿ, ಪೋಷಕ ದ್ರಾವಣದಲ್ಲಿ, ಎಳೆ ಸಸಿಯ ಮೇಲೆ, ಹೊಲದ ಮಣ್ಣಿನ ನೀರಿನಲ್ಲಿ ಸಾಮಾನ್ಯವಾಗಿ ಇರದಷ್ಟು ಕ್ಯಾಡ್ಮಿಯಂ ಒಮ್ಮೆಗೇ ಸುರಿದು. ಅಳೆಯುವುದು ಬೇರಿನ ಉದ್ದ, ಒಣತೂಕ, ಕಿಣ್ವಗಳ ಚಟುವಟಿಕೆ. ಕೊಯ್ಲಿಗೆ ಬಂದ ಸೊಪ್ಪಿನ ಕಟ್ಟಿನಲ್ಲಿ ಲೋಹ ಎಷ್ಟಿತ್ತು ಎಂಬ ಪ್ರಶ್ನೆ ಹಲವು ಪ್ರಬಂಧಗಳಲ್ಲಿ ಕೊನೆಯ ಸಾಲಿಗೆ ಸರಿದಿರುತ್ತದೆ.

ಆ ಪ್ರಶ್ನೆ ಯಾಕೆ ದೊಡ್ಡದೆಂದರೆ, ಮೂತ್ರಪಿಂಡ ಸೇರಿದ ಕ್ಯಾಡ್ಮಿಯಂ ಅರ್ಧಕ್ಕೆ ಇಳಿಯಲು 10ರಿಂದ 30 ವರ್ಷ ಬೇಕು. ಜಪಾನಿನ ತೊಯಾಮಾದಲ್ಲಿ ಜಿಂಜು ನದಿಯ ನೀರು ಹಾಯಿಸಿದ ಗದ್ದೆಯ ಅಕ್ಕಿ ಉಂಡವರ ಮೂಳೆಗಳು ಮುರಿಯತೊಡಗಿದ್ದನ್ನು ಗಣಿಯ ಕ್ಯಾಡ್ಮಿಯಂ ತಂದ ರೋಗವೆಂದು ಸರ್ಕಾರ ಒಪ್ಪಿದ್ದು 1968ರಲ್ಲಿ, ರೋಗ ಕಾಣಿಸಿಕೊಂಡ ಎಷ್ಟೋ ದಶಕಗಳ ಮೇಲೆ.

ವಿರೋಧಿಗಳು ಆಗಾಗ ಹೇಳುವ ಮಾತೊಂದಿದೆ: ಹಳದಿಗಟ್ಟಿದ ಎಲೆಯೇ ಎಚ್ಚರಿಕೆಯ ಗಂಟೆ, ಹಾರ್ಮೋನು ಹಾಕಿ ಅದರ ನಾಲಗೆ ಕೀಳುತ್ತೀರಿ. ಕೇಳಲು ಚೆನ್ನಾಗಿದೆ, ಅರ್ಧ ಮಾತ್ರ ನಿಜ. ಸತು, ತಾಮ್ರ, ನಿಕ್ಕಲ್ ಅತಿಯಾದರೆ ಸಾಮಾನ್ಯವಾಗಿ ತಿನ್ನುವವನಿಗೆ ಕೇಡಾಗುವ ಮೊದಲು ಗಿಡವೇ ಸೊರಗುತ್ತದೆ. ಕ್ಯಾಡ್ಮಿಯಂ ವಿಷಯದಲ್ಲಿ ಆ ಗಂಟೆ ಮೊದಲಿಂದಲೂ ಇಲ್ಲ. ಸೊಪ್ಪಿಗೆ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಇಟ್ಟಿರುವ ಮಿತಿ ಹಸಿ ತೂಕದಲ್ಲಿ ಕಿಲೋಗೆ 0.2 ಮಿಲಿಗ್ರಾಂ. ಪಾಲಕ್ ಸೊಪ್ಪಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ ಆದ್ದರಿಂದ ಒಣತೂಕದಲ್ಲಿ ಅದು ಹೆಚ್ಚುಕಡಿಮೆ 2 ಮಿಲಿಗ್ರಾಂ. ಎಲೆ ಕೆಟ್ಟಂತೆ ಕಾಣಬೇಕಾದರೆ ಸಾಮಾನ್ಯವಾಗಿ ಇದರ ಕೆಲವು ಪಟ್ಟು ಸೇರಿರಬೇಕು. ಹಾಗಾಗಿ ಟಾನಿಕ್ ಕಾಣದ, ಹಸಿರಾಗಿ ನಗುವ ಸೊಪ್ಪೂ ಮಿತಿ ಮೀರಿರಬಹುದು.

ಸೀಸದ ಕತೆ ಬೇರೆ. ಅದು ಬಹುಪಾಲು ಬೇರಿನಲ್ಲೇ ತಂಗುತ್ತದೆ, ಸೊಪ್ಪಿಗೆ ಬರುವುದು ಹೆಚ್ಚಾಗಿ ರಸ್ತೆಯ ಧೂಳಿನಿಂದ, ಸಿಡಿದ ಮಣ್ಣಿನಿಂದ. ಅಲ್ಲಿ ಹಾರ್ಮೋನಿಗೆ ಕೆಲಸವಿಲ್ಲ, ಚೆನ್ನಾಗಿ ತೊಳೆಯುವುದೇ ಮೇಲು.

ನನಗೆ ಕಾಣುವಂತೆ ಹೌದು ಅಥವಾ ಅಲ್ಲ ಎಂಬ ಒಂದೇ ಉತ್ತರ ಇಲ್ಲಿ ಸಲ್ಲದು. ಸತು, ನಿಕ್ಕಲ್ ಹೆಚ್ಚಾಗಿ ಇಳುವರಿ ಬಿದ್ದ ಬದನೆ, ಟೊಮೆಟೊ ತಾಕಿನಲ್ಲಿ ಹಾರ್ಮೋನು ಪರೀಕ್ಷಿಸಲು ನನ್ನ ತಕರಾರಿಲ್ಲ. ಕಾಯಿಗೆ ಲೋಹ ತಲುಪುವುದು ಎಲೆಗಿಂತ ಸಾಮಾನ್ಯವಾಗಿ ಕಡಿಮೆ. ಕ್ಯಾಡ್ಮಿಯಂ ಇರುವ ಮಣ್ಣಿನ ಪಾಲಕ್, ದಂಟು, ಕೊತ್ತಂಬರಿಗೆ ಮಾತ್ರ ಇದನ್ನು ಪರಿಹಾರವೆಂದು ಮಾರುವುದನ್ನು ಒಪ್ಪಲಾರೆ. ಅಲ್ಲಿ ಮೊದಲು ಬೇಕಾದದ್ದು ಹುಳಿ ಮಣ್ಣಿಗೆ ಸುಣ್ಣ, ಧಾರಾಳವಾಗಿ ಕಾಂಪೋಸ್ಟು, ಅದಕ್ಕೂ ಬಗ್ಗದಿದ್ದರೆ ಸೊಪ್ಪಿನ ಬದಲು ಹೂವು. ಹಾರ್ಮೋನಿನಿಂದ ಗಿಡ ದಪ್ಪವಾಗಿ ಲೋಹದ ಸಾಂದ್ರತೆ ಇಳಿಯುತ್ತದೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ, ನಾವು ಕೊಳ್ಳುವುದು ತೂಕದ ಲೆಕ್ಕದಲ್ಲೇ. ಆದರೆ ಇಳಿದದ್ದು ಮಿತಿಯ ಕೆಳಕ್ಕೋ ಎಂದು ಅಳೆದೇ ಹೇಳಬೇಕು.

2021ರಲ್ಲಿ ಕೇಂದ್ರ ಸರ್ಕಾರ ಗಿಡದ ಬೆಳವಣಿಗೆ ಚುರುಕು ಮಾಡುವ ಜೈವಿಕ ಚೋದಕಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದ ಅಡಿ ತಂದಾಗ ಬಾಟಲಿಯೊಳಗೆ ಎಷ್ಟು ಲೋಹ ಇರಬಹುದೆಂದು ಮಿತಿ ಹಾಕಿತು. ‘ಲೋಹದ ಒತ್ತಡ ತಾಳುತ್ತದೆ’ ಎಂದು ಯಾವುದಾದರೂ ಕಂಪನಿ ಚೀಟಿ ಅಂಟಿಸಲು ಬಂದರೆ, ಕೊಯ್ದ ಕಟ್ಟಿನಲ್ಲಿ ಎಷ್ಟು ಲೋಹ ಉಳಿಯಿತೆಂಬ ಹೊಲದ ಅಳತೆಯನ್ನೂ ಕೇಳಬೇಕು. ಆ ಅಳತೆಯ ಖರ್ಚು ರೈತನ ಮೇಲೆ ಬೀಳಬಾರದು. ನೀರಿಗೆ ಲೋಹ ಬೆರೆಸಿದವನು ಅವನಲ್ಲ.