ನೆಲ ಕೊಳೆಯಾದರೂ ಸರಿ, ಬಟ್ಟಲು ಶುಚಿಯಾಗಿರಲಿ

ಮಗುವಿಗೆ ಆರು ತಿಂಗಳು ತುಂಬಿತೆಂದರೆ ಮನೆಯಲ್ಲಿ ಎರಡು ಚಿಂತೆ ಶುರುವಾಗುತ್ತವೆ. ಏನು ತಿನ್ನಿಸಬೇಕು ಎಂಬುದು ಒಂದು. ತಿನ್ನಿಸಿದ್ದೆಲ್ಲ ಚಾಪೆಗೆ, ಗೋಡೆಗೆ, ಸೀರೆಗೆ ಮೆತ್ತಿಕೊಳ್ಳುತ್ತದಲ್ಲ ಎಂಬುದು ಇನ್ನೊಂದು. ಎಷ್ಟೋ ಮನೆಗಳಲ್ಲಿ ಮಗುವಿನ ಊಟವನ್ನು ತೀರ್ಮಾನಿಸುವುದು ಈ ಎರಡನೆಯ ಚಿಂತೆಯೇ ಎಂಬುದು ನನ್ನ ಅನಿಸಿಕೆ. ಚೆಲ್ಲಬಾರದೆಂದು ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಒಳಲೆಯಲ್ಲಿ ನೀರಾದ ಗಂಜಿ ಹುಯ್ದು, ಬಾಯಿ ಮುಚ್ಚಿದರೆ ಮೂಗು ಹಿಡಿದು ಕುಡಿಸುವವರು ನಮ್ಮ ಕಡೆ ಇನ್ನೂ ಇದ್ದಾರೆ. ನಿಪ್ಪಲ್ಲಿನ ತೂತು ದೊಡ್ಡದು ಮಾಡಿ ಬಾಟಲಿಯಲ್ಲೇ ರಾಗಿ ಸರಿ ಕುಡಿಸುವವರೂ ಇದ್ದಾರೆ. ನೆಲವೇನೋ ಶುಚಿಯಾಗಿ ಉಳಿಯುತ್ತದೆ. ಆದರೆ ಅಳುವ ಮಗುವಿನ ಗಂಜಿ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ನಿಪ್ಪಲ್ಲಿನ ಸಂದಿಯಲ್ಲಿ ಉಳಿದ ಗಂಜಿ ಹಳಸಿದರೆ ಭೇದಿ ಗ್ಯಾರಂಟಿ.

ನೀರು ಗಂಜಿಯಿಂದ ಮಗುವಿಗೆ ಸಿಗುವುದೂ ಅಷ್ಟಕ್ಕಷ್ಟೆ. ಎಂಟು ಕಿಲೋ ತೂಗುವ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 240 ಮಿಲಿಲೀಟರ್, ಅಂದರೆ ಒಂದು ಲೋಟ. ಅದನ್ನು ನೀರಿನಿಂದ ತುಂಬಿಸಿದರೆ ಮಗು ಹೊಟ್ಟೆ ತುಂಬಿಯೂ ಸೊರಗುತ್ತದೆ. ಚಮಚ ಓರೆ ಮಾಡಿದಾಗ ಸರಿ ತೊಟ್ಟಿಕ್ಕದೆ ನಿಲ್ಲುವಷ್ಟು ಗಟ್ಟಿಯಾಗಿರಬೇಕು. ಇಲ್ಲಿ ನಮ್ಮ ಅಜ್ಜಿಯರ ಜಾಣತನ ಮೆಚ್ಚಬೇಕು. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು ಬೀಸಿದರೆ ಹಿಟ್ಟು ಅಷ್ಟು ಬೇಗ ಗಂಟುಕಟ್ಟುವುದಿಲ್ಲ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಅದೇ ಬಟ್ಟಲಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ, ಮಗುವಿಗೆ ನುಂಗಲೂ ಸುಲಭ. ರಾಗಿಯ ಕಬ್ಬಿಣ ಮೈಗೆ ಹತ್ತಲು ಅಡ್ಡಿಯಾಗುವ ಫೈಟೇಟ್ ಅಂಶವೂ ಮೊಳಕೆಯಿಂದ ಇಳಿಯುತ್ತದೆ. ಆದರೂ ರಾಗಿಯೊಂದೇ ಸಾಲದು. ಬೆಂದ ತೊಗರಿಬೇಳೆ, ಮಸೆದ ಸೊಪ್ಪು, ಒಂದು ಚಮಚ ತುಪ್ಪ, ತಿನ್ನುವ ಮನೆಯಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆ ಎಲ್ಲವೂ ಬೇಕು. ಶ್ರೀನಿವಾಸಪುರದವರು ಮಾವಿನ ಕಾಲದಲ್ಲಿ ಮಾಗಿದ ಹಣ್ಣಿನ ತಿರುಳನ್ನು ಧಾರಾಳವಾಗಿ ಕೊಡಬಹುದು. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬೇಡಿ. ಎದೆಹಾಲನ್ನು ಎರಡು ವರ್ಷದವರೆಗಾದರೂ ನಿಲ್ಲಿಸಬೇಡಿ.

ಇನ್ನು ಮಗು ಬಟ್ಟಲಿಗೆ ಕೈ ಹಾಕಿ, ಹಿಸುಕಿ, ಮುಖಕ್ಕೆಲ್ಲ ಬಳಿದುಕೊಳ್ಳುತ್ತದೆ. ಬಳಿದುಕೊಳ್ಳಲಿ. ಅದು ತಿನ್ನಲು ಕಲಿಯುವ ರೀತಿ. ಕೂರಿಸಿ, ಕೆಳಗೊಂದು ಹಳೆಯ ಪಂಚೆ ಹಾಸಿ, ಕೊನೆಗೆ ಪಂಚೆಯನ್ನು ಒಗೆದು ಬಿಸಿಲಿಗೆ ಹಾಕಿದರೆ ಕೆಲಸ ಮುಗಿಯಿತು.

ಹಾಗಾದರೆ ಶುಚಿತ್ವ ಬೇಡವೆ? ಬೇಕು, ಆದರೆ ಎಲ್ಲಿ ಬೇಕು ಎಂಬುದೇ ಪ್ರಶ್ನೆ. ಬಾಂಗ್ಲಾದೇಶ ಮತ್ತು ಕೀನ್ಯಾಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳಲ್ಲಿ ಶೌಚಾಲಯ, ಕೈತೊಳೆಯುವ ವ್ಯವಸ್ಥೆ, ಶುದ್ಧೀಕರಿಸಿದ ನೀರು ಒದಗಿಸಿದ್ದಷ್ಟರಿಂದಲೇ ಮಕ್ಕಳ ಎತ್ತರ ಹೆಚ್ಚಲಿಲ್ಲ. ಪೂರಕ ಆಹಾರ ಪಡೆದ ಮಕ್ಕಳು ಮಾತ್ರ ತುಸು ಹೆಚ್ಚು ಬೆಳೆದರು. ಬಾಂಗ್ಲಾದಲ್ಲಿ ಭೇದಿ ಕಡಿಮೆಯಾಯಿತು, ಕೀನ್ಯಾದಲ್ಲಿ ಅದೂ ಆಗಲಿಲ್ಲ. ಶುಚಿತ್ವ ಊಟದ ಜಾಗವನ್ನು ತುಂಬುವುದಿಲ್ಲ. ನಮ್ಮ ಹಳ್ಳಿಮನೆಗಳಲ್ಲಿ ಹಸು ಬಾಗಿಲಲ್ಲೇ, ಕೋಳಿ ನಡುಮನೆಯಲ್ಲೇ. ಅಂಬೆಗಾಲಿಡುವ ಮಗು ಕೋಳಿಹಿಕ್ಕೆ ಬಾಯಿಗಿಡುವುದನ್ನು ತಪ್ಪಿಸಲು ಮಗುವಿರುವ ಕಡೆ ಕೋಳಿ ಬರದಂತೆ ನೋಡಿಕೊಳ್ಳಿ. ಹಾಲು ಕರೆದ ಮೇಲೆ, ಮಗುವಿನ ಕುಂಡಿ ತೊಳೆದ ಮೇಲೆ, ಸರಿ ಕಲಸುವ ಮೊದಲು ಸೋಪಿನಲ್ಲಿ ಕೈ ತೊಳೆಯಿರಿ. ಇಡೀ ಮನೆಗೆ ಫಿನಾಯಿಲ್ ಹಾಕುವುದಕ್ಕಿಂತ ಇದು ಮೇಲು. ಆ ಫಿನಾಯಿಲನ್ನು ಹಳೆಯ ನೀರಿನ ಬಾಟಲಿಯಲ್ಲಿ ತುಂಬಿ ಬಚ್ಚಲ ಮೂಲೆಯಲ್ಲಿಡುವ ಅಭ್ಯಾಸವಂತೂ ಭಯಂಕರ. ಮಗು ಕುಡಿದರೆ ವಾಂತಿ ಮಾಡಿಸಬೇಡಿ, ಬಾಟಲಿಯ ಸಮೇತ ಆಸ್ಪತ್ರೆಗೆ ಓಡಿ.

ನೀರಿನ ವಿಷಯ ನಮ್ಮ ಜಿಲ್ಲೆಯಲ್ಲಿ ಬೇರೆಲ್ಲಕ್ಕಿಂತ ತೊಡಕಿನದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5 ಕಡೆಯ ಮಿತಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಇನ್ನಷ್ಟು ಗಾಢವಾಗುತ್ತದೆ. ಊರಿನ ಶುದ್ಧ ನೀರಿನ ಘಟಕದ ನೀರಿನಲ್ಲಿ ಫ್ಲೋರೈಡ್ ಕಡಿಮೆ, ಆದರೆ ಕ್ಯಾನನ್ನು ತಿಂಗಳುಗಟ್ಟಲೆ ತೊಳೆಯದೆ, ಲೋಟ ಅದ್ದಿ ತೆಗೆದರೆ ಅದರಲ್ಲಿ ಕ್ರಿಮಿ ಸೇರುತ್ತದೆ. ಆದ್ದರಿಂದ ಮಗುವಿಗೆ ಘಟಕದ ನೀರನ್ನೇ ತನ್ನಿ, ಅದನ್ನೂ ಒಂದು ಕುದಿ ಬರಿಸಿ, ಮುಚ್ಚಿಟ್ಟು ಹಿಡಿಯಿರುವ ಸೌಟಿನಲ್ಲಿ ತೆಗೆಯಿರಿ. ಘಟಕ ಕೆಟ್ಟು ನಿಂತಿದ್ದರೆ ಪಂಚಾಯಿತಿಯವರನ್ನು ಕೇಳಲು ಸಂಕೋಚ ಬೇಡ. ಎಳೆಯ ಮಗುವಿನ ಹಲ್ಲು, ಮೂಳೆ ರೂಪುಗೊಳ್ಳುವ ಕಾಲವಿದು.

ನರಸಾಪುರ, ವೇಮಗಲ್‌ನ ಕಾರ್ಖಾನೆಗಳಿಗೆ, ಟೊಮೆಟೊ ಬಿಡಿಸಲು ಬೆಳಿಗ್ಗೆಯೇ ಹೊರಡುವ ತಾಯಂದಿರು ಸರಿ ಕಾಯಿಸಿ ಫ್ಲಾಸ್ಕಿನಲ್ಲಿ ತುಂಬಿಟ್ಟು ಹೋಗುತ್ತಾರೆ. ಅವರನ್ನು ದೂರುವುದು ಸುಲಭ, ಆದರೆ ಆ ಅವಸರ ನಮಗೆ ಗೊತ್ತಿರಬೇಕು. ಬೆಚ್ಚಗಿನ ಗಂಜಿ ಕ್ರಿಮಿಗಳಿಗೆ ಹೇಳಿ ಮಾಡಿಸಿದ ಜಾಗ. ಫ್ಲಾಸ್ಕಿನಲ್ಲಿ ಗಂಜಿಯ ಬದಲು ಕುದಿವ ನೀರು ತುಂಬಿ, ಚೆನ್ನಾಗಿ ಹುರಿದ ಹುರಿಹಿಟ್ಟನ್ನು ಒಣ ಡಬ್ಬಿಯಲ್ಲಿಟ್ಟು ಹೋಗಿ. ಅಜ್ಜಿ ಬೇಕಾದಾಗ ಒಂದು ಬಟ್ಟಲಿನಷ್ಟು ಕಲಸಿಕೊಡಲಿ. ಮಿಕ್ಕಿದ್ದು ಮಗುವಿಗೆ ಮತ್ತೆ ಬೇಡ.

ಇಷ್ಟಾಗಿಯೂ ಭೇದಿಯಾದರೆ ಊಟ ನಿಲ್ಲಿಸಬಾರದು. ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಓಆರ್‌ಎಸ್ ಪೊಟ್ಟಣ ಸಿಗುತ್ತದೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್ ಮಾತ್ರೆ 14 ದಿನ ಕೊಡಬೇಕು, ಭೇದಿ ಮೂರನೇ ದಿನಕ್ಕೆ ನಿಂತರೂ ಬಿಡಬಾರದು. ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಎದೆಹಾಲನ್ನೂ ಬಿಟ್ಟರೆ ಸಂಜೆಯವರೆಗೆ ಕಾಯಬೇಡಿ.