ರೊಟ್ಟಿ ಬುತ್ತಿಗೆ ಜಾಗ ಕೊಡುವ ಲಾಡ್ಜುಗಳು ಉಳಿಯಲಿ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ರಾಯಚೂರು ಸೀಮೆಯಲ್ಲಿ ನೀರಿಗೆ ಬರವಿದ್ದೀತು, ನದಿಗೆ ಬರವಿಲ್ಲ. ಸಮುದ್ರ ಮಾತ್ರ ದೂರ. ಮಾನ್ವಿಯಿಂದ ಹೊರಟು ಸಿಂಧನೂರು, ಗಂಗಾವತಿ, ಕೊಪ್ಪಳ, ಹುಬ್ಬಳ್ಳಿ ದಾಟಿ, ಯಲ್ಲಾಪುರದಾಚೆ ಅರಬೈಲು ಘಟ್ಟ ಇಳಿದು ಗೋಕರ್ಣ ಮುಟ್ಟುವಷ್ಟರಲ್ಲಿ 400 ಕಿ.ಮೀ. ಆಸುಪಾಸು ಆಗಿರುತ್ತದೆ. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ಕೇಳಿಕೇಳಿ ಜನರಿಗೆ ಸಾಕಾಗಿದೆ. ಆ ಹಳಿ ಇನ್ನೂ ಘಟ್ಟ ಇಳಿದಿಲ್ಲ.

ಆದರೂ ಜನ ಹೋಗುತ್ತಾರೆ. ಈಚೆಗೆ ಹೆಚ್ಚೇ ಹೋಗುವಂತಾಗಿದೆ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಶುರುವಾದ ಮೇಲೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಭತ್ತ ಮಾರಿ ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಅವ್ವ, ಅತ್ತಿಗೆ, ನಾದಿನಿ, ಮಕ್ಕಳೆಲ್ಲ ಸೇರಿ ಬಸ್ಸು ಬದಲಿಸುತ್ತ ಬದಲಿಸುತ್ತ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೋಗಿ ಬರುವುದು ಈಗ ಕನಸಿನ ಮಾತಲ್ಲ. ಬಸ್ಸಿನ ಖರ್ಚು ಇಳಿದ ಮೇಲೆ ಉಳಿಯುವ ದೊಡ್ಡ ಖರ್ಚು ಒಂದೇ: ಕೋಣೆ ಬಾಡಿಗೆ.

ಕರಾವಳಿಯ ಪ್ರವಾಸೋದ್ಯಮದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಮರೆಯುವುದು ಈ ಕೋಣೆಯನ್ನೇ. ಅವರ ಕಣ್ಣು ರೆಸಾರ್ಟಿನ ಮೇಲೆ. ಸರ್ಕಾರದ್ದೇ ಸಂಸ್ಥೆಯಾದ ಜಂಗಲ್ ಲಾಡ್ಜಸ್ ಕಾರವಾರದ ದೇವಬಾಗದಲ್ಲಿ ಸಮುದ್ರದಂಡೆಯ ರೆಸಾರ್ಟ್ ನಡೆಸುತ್ತದೆ. ಜಾಗ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿಯ ಲೆಕ್ಕ ತಲೆಗಿಷ್ಟು ಎಂದು. ಆರೇಳು ಮಂದಿ ಒಟ್ಟಿಗೆ ಬರುವ ಮನೆಗೆ ಆ ಲೆಕ್ಕ ಹೊಂದುವುದಿಲ್ಲ.

ಅವರಿಗೆ ಹೊಂದುವುದು ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗಬಹುದಾದ ಹಳೆಯ ಲಾಡ್ಜು. ಕೆಂಪು ಗಾರೆಯ ನೆಲ, ಉಪ್ಪುಗಾಳಿಗೆ ತುಕ್ಕು ಹಿಡಿದ ಕಿಟಕಿ ಸರಳು, ಕಳೆದುಹೋಗದಿರಲೆಂದು ಮರದ ತುಂಡಿಗೆ ಕಟ್ಟಿದ ಬೀಗದ ಕೈ. ಕೌಂಟರಿನಲ್ಲಿ ಉದ್ದನೆಯ ರಿಜಿಸ್ಟರು. ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ, ಉದ್ದೇಶವೇನು ಎಂಬ ಕಾಲಮ್ಮುಗಳು. ಉದ್ದೇಶದ ಕಾಲಮ್ಮಿನಲ್ಲಿ ಬಹುತೇಕರು ‘ದೇವರ ದರ್ಶನ’ ಎಂದು ಬರೆಯುತ್ತಾರೆ, ಸಮುದ್ರ ನೋಡಲು ಬಂದೆವೆಂದು ಬರೆಯಲು ಯಾಕೋ ಸಂಕೋಚ. “ಅಣ್ಣಾರ, ಬಿಸಿನೀರು ಎಷ್ಟೊತ್ತಿಗಿ ಬರ್ತಾವ್ರಿ?” ಎಂದು ಹೆಣ್ಣುಮಗಳು ಕೇಳಿದರೆ, “ಆರರಿಂದ ಎಂಟು ಅಮ್ಮಾ, ಆಮೇಲೆ ಬಕೆಟ್ ಲೆಕ್ಕ” ಎಂಬ ಉತ್ತರ. ಟೆರೇಸಿನ ಹಗ್ಗದ ಮೇಲೆ ಇಡೀ ಮನೆತನದ ಸೀರೆ, ಲುಂಗಿ, ಫ್ರಾಕು.

ಇಂಥ ಲಾಡ್ಜಿನ ದೊಡ್ಡ ಗುಣವೆಂದರೆ 24 ಗಂಟೆಯ ಲೆಕ್ಕ. ಬೆಳಗಿನ ಐದಕ್ಕೆ ಕೋಣೆ ಹಿಡಿದರೆ ಮರುದಿನ ಬೆಳಗಿನ ಐದರವರೆಗೆ ಅದು ನಿಮ್ಮದು. ಹೊಸ ಹೋಟೆಲುಗಳಲ್ಲಿ ಮಧ್ಯಾಹ್ನಕ್ಕೆ ಮುಂಚೆ ಕೋಣೆ ಸಿಗದು. ಸ್ವಂತ ಕಾರಿನವರಿಗೆ ಇದೇನೂ ದೊಡ್ಡದಲ್ಲ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಳಗಾಗುವ ಹೊತ್ತಿಗೆ ಇಳಿದವರು ಕೂಸು-ಕುನ್ನಿ ಕಟ್ಟಿಕೊಂಡು ಎಂಟು ತಾಸು ಎಲ್ಲಿ ಕೂರಬೇಕು? ಇನ್ನು ಊಟ. ರಾಯಚೂರು ಕಡೆಯವರ ಗಂಟಿನಲ್ಲಿ ಕಟಕು ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಇಲ್ಲದೆ ಪ್ರಯಾಣ ಸಾಗದು. ಹಳೆ ಲಾಡ್ಜಿನಲ್ಲಿ ಮೊಸರೊಂದನ್ನು ಹೊರಗಿಂದ ತರಿಸಿಕೊಂಡರೆ ಊಟವಾಯಿತು. ರೆಸಾರ್ಟಿನ ಬಾಗಿಲಲ್ಲಿ ‘ಹೊರಗಿನ ಆಹಾರ ತರುವಂತಿಲ್ಲ’ ಎಂಬ ಫಲಕವಿರುತ್ತದೆ.

ಇದು ನಮ್ಮಲ್ಲಷ್ಟೇ ಕಂಡ ರೀತಿಯಲ್ಲ. ಇಂಗ್ಲೆಂಡಿನ ಲ್ಯಾಂಕಶೈರಿನ ಹತ್ತಿ ಗಿರಣಿಗಳು ವರ್ಷಕ್ಕೊಮ್ಮೆ ಊರೂರಿನ ಸರದಿಯಂತೆ ಒಂದು ವಾರ ಮುಚ್ಚುತ್ತಿದ್ದವು. ಕಾರ್ಮಿಕರು ರೈಲು ಹತ್ತಿ ಬ್ಲ್ಯಾಕ್‌ಪೂಲ್ ಕಡಲತೀರಕ್ಕೆ ಹೋಗುತ್ತಿದ್ದರು. ಅಲ್ಲಿಯ ವಸತಿಮನೆಗಳನ್ನು ನಡೆಸುತ್ತಿದ್ದ ಹೆಂಗಸರು ಅತಿಥಿಗಳು ಕೊಂಡುತಂದ ದಿನಸಿಯನ್ನೇ ಬೇಯಿಸಿ ಬಡಿಸುತ್ತಿದ್ದರು. ಉಪ್ಪು-ಮೆಣಸಿನ ಡಬ್ಬಿ ಬಳಸಿದ್ದಕ್ಕೂ ಬಿಲ್ಲು ಹಾಕುತ್ತಿದ್ದರೆಂಬ ಕೊಂಕು ಇಂದಿಗೂ ಉಳಿದಿದೆ. ಹತ್ತಿಯ ಪೇಟೆಯಾದ ರಾಯಚೂರಿಗೆ ಈ ಕಥೆ ಪರಕೀಯ ಅನ್ನಿಸಬೇಕಿಲ್ಲ. ಕಡಲೆಂದರೆ ಸಿರಿವಂತರ ಸೊತ್ತು ಎಂಬುದನ್ನು ಮುರಿದದ್ದೇ ಆ ಅಗ್ಗದ ಕೋಣೆಗಳು.

ಹಳೆ ಲಾಡ್ಜೆಂದರೆ ಎಲ್ಲ ಚೆಂದ ಎಂದೇನೂ ಅಲ್ಲ. ಹಾಸಿಗೆ ಬಟ್ಟೆ ನೋಡಿ ಮೂಗು ಮುರಿಯುವಂಥವು ಬೇಕಾದಷ್ಟಿವೆ. ಶಿವರಾತ್ರಿಗೆ, ಡಿಸೆಂಬರ್ ಕೊನೆಗೆ ಬಾಡಿಗೆ ಏರಿಸುವವರನ್ನು ಕೇಳುವವರಿಲ್ಲ. ಇದನ್ನು ತಿದ್ದುವ ಕೆಲಸ ಸ್ಥಳೀಯ ಪಂಚಾಯ್ತಿ, ಪ್ರವಾಸೋದ್ಯಮ ಇಲಾಖೆಗಳದ್ದು: ದರಪಟ್ಟಿ ಹಾಕಿಸಲಿ, ಶೌಚಾಲಯ ತಪಾಸಣೆ ಮಾಡಲಿ. ಕಾಸರಕೋಡು ಮತ್ತು ಪಡುಬಿದ್ರಿ ಕಡಲತೀರಗಳು 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದವು. ತೀರವನ್ನು ಸ್ವಚ್ಛವಾಗಿಡಲು ಬಂದ ಮನಸ್ಸು ತೀರದ ಲಾಡ್ಜಿನ ಬಚ್ಚಲಿಗೂ ಬರಬಾರದೇ?

ತೆರಿಗೆಯ ವಿಷಯದಲ್ಲೂ ಅಷ್ಟೇ. ದಿನಕ್ಕೆ ₹1,000ದೊಳಗಿನ ಕೋಣೆಗೆ ಇದ್ದ ಜಿಎಸ್‌ಟಿ ವಿನಾಯಿತಿ 2022ರ ಜುಲೈ 18ಕ್ಕೆ ಹೋಯಿತು, ಶೇ 12 ತೆರಿಗೆ ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 5ಕ್ಕೆ ಇಳಿದಿದೆ. ಆದರೆ ಅದೇ ಶೇ 5 ದರ ₹7,500ರ ಕೋಣೆಗೂ ಇದೆ. ವಹಿವಾಟು ತೀರ ಚಿಕ್ಕದಾದವರು ಜಿಎಸ್‌ಟಿಯ ಹೊರಗೇ ಉಳಿಯುತ್ತಾರೆ, ನಿಜ. ಉಳಿದವರಲ್ಲಿ ಅಗ್ಗದ ಕೋಣೆಯವರನ್ನೂ ದುಬಾರಿ ಕೋಣೆಯವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಹಣದ ಮಾತಿಗಿಂತ ಗಂಭೀರವಾದದ್ದು ಜೀವದ ಮಾತು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಬಯಲುಸೀಮೆಯ ಮಕ್ಕಳು. ಕಾಲುವೆ, ಕೆರೆ ಕಂಡವರಿಗೆ ಅಲೆ ಹಿಂದಕ್ಕೆ ಸರಿಯುವಾಗ ಕಾಲಡಿಯ ಮರಳನ್ನೇ ಎಳೆದೊಯ್ಯುತ್ತದೆಂಬುದು ಗೊತ್ತಿರುವುದಿಲ್ಲ. ತೀರದಲ್ಲಿ ಜೀವರಕ್ಷಕರು ಇರಲೇಬೇಕು, ಅದಕ್ಕೆ ಬದಲಿಲ್ಲ. ಅದರ ಜತೆಗೆ, “ಇವತ್ತು ಆ ಬದಿ ಇಳೀಬೇಡಿ, ಸೆಳೆತ ಜಾಸ್ತಿ ಉಂಟು” ಎಂದು ಕೌಂಟರಿನಿಂದಲೇ ಎಚ್ಚರಿಸುವ ಊರಿನವನೊಬ್ಬ ಇದ್ದರೆ ಅದೂ ಒಂದು ಕಾವಲು.

ನದಿದಂಡೆಯಲ್ಲಿ ಬಡವರ ವಸತಿಗೆ ನಮ್ಮಲ್ಲಿ ಒಳ್ಳೆಯ ಪರಂಪರೆಯಿದೆ. ತುಂಗಭದ್ರೆಯ ದಡದ ಮಂತ್ರಾಲಯದಲ್ಲಿ ಮಠದ ಕೋಣೆಗಳು, ಧರ್ಮಸ್ಥಳದಲ್ಲಿ ವೈಶಾಲಿ, ಸಾಕೇತದಂಥ ವಸತಿಗೃಹಗಳು. ಕಡಲತೀರದಲ್ಲಿ ಗೋಕರ್ಣದ ಉಪಾಧಿವಂತ ಪುರೋಹಿತರ ಮನೆಗಳು ಬಹುಕಾಲ ಯಾತ್ರಿಕರಿಗೆ ಜಾಗ ಕೊಟ್ಟವು. ಆದರೆ ದೇವರ ಕೆಲಸವಿಲ್ಲದೆ ಬರೀ ನೀರು ನೋಡಲು ಬರುವವರನ್ನು ಕೇಳುವವರು ಯಾರು?

ಬಂಗಾಳಿಗಳು ಇದಕ್ಕೆ ಉಪಾಯ ಕಂಡುಕೊಂಡಿದ್ದಾರೆ. ಅವರ ಬ್ಯಾಂಕುಗಳು, ಕಚೇರಿಗಳು, ನೌಕರರ ಸಂಘಗಳು ಒಡಿಶಾದ ಪುರಿಯಲ್ಲಿ ‘ಹಾಲಿಡೇ ಹೋಮ್’ ಇಟ್ಟುಕೊಂಡಿವೆ. ಸದಸ್ಯರು ಚೀಟಿ ಬರೆಸಿಕೊಂಡು ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಸಮುದ್ರದ ಎದುರಿರುತ್ತಾರೆ. ಮಾನ್ವಿ, ದೇವದುರ್ಗ, ರಾಯಚೂರಿನಲ್ಲಿ ಪತ್ತಿನ ಸಹಕಾರ ಸಂಘಗಳಿಗೆ, ಶಿಕ್ಷಕರ ಮತ್ತು ನೌಕರರ ಸಂಘಗಳಿಗೆ ಕೊರತೆಯಿಲ್ಲ. ನಾಲ್ಕು ಸಂಘಗಳು ಕೂಡಿ ಗೋಕರ್ಣದಲ್ಲೋ ಕುಮಟಾದಲ್ಲೋ ಒಂದು ಹಳೆ ಲಾಡ್ಜಿನ ಕೆಲವು ಕೋಣೆಗಳನ್ನು ವರ್ಷದ ಕರಾರಿನಲ್ಲಿ ಹಿಡಿದರೆ ಮಾಲೀಕನಿಗೂ ಖಾತ್ರಿ, ಸದಸ್ಯನಿಗೂ ಅನುಕೂಲ. ಇದಕ್ಕೆ ಹೊಸ ಕಟ್ಟಡವೂ ಬೇಕಿಲ್ಲ, ವಿಧಾನಸೌಧದ ಅಪ್ಪಣೆಯೂ ಬೇಕಿಲ್ಲ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಯಾರಾದರೂ ಸದಸ್ಯರು ಎದ್ದು ನಿಂತು ಈ ವಿಷಯ ಎತ್ತಲಿ.